ಸೌರಫಲಕದ ಕೆಳಗಿನ ನೆಲ: ವಳ್ಳೂರಿನ ಜಮೀನು ಮತ್ತು ಗ್ರಾಮ ಪಂಚಾಯಿತಿಯ ತೆರಿಗೆ ಅಧಿಕಾರ

ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿಕೊಂಡಿದೆ. ಈ ನೆಲವನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಲಿಲ್ಲ. ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮ ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಹೆಚ್ಚಳ ಎಂಬುದು ಕರಾರು. ಆರಂಭದ ದರದಲ್ಲೇ ಲೆಕ್ಕ ಹಾಕಿದರೂ ಇದು ವರ್ಷಕ್ಕೆ ಸುಮಾರು 27 ಕೋಟಿ ರೂಪಾಯಿ. ಆ ಹಣ ಸೇರುವುದು ಜಮೀನಿನ ಒಡೆಯರಿಗೆ. ಕಡಲೆಕಾಯಿ ಹೊಲಗಳಲ್ಲಿ ಕೂಲಿ ಮಾಡಿಕೊಂಡಿದ್ದ ಭೂಹೀನರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಪಂಚಾಯಿತಿಯ ಬೊಕ್ಕಸದ ಮೂಲಕ ಬರಬಹುದಾದ ತೆರಿಗೆಯಾದರೂ ಅವರಿಗೆ ದಕ್ಕಬೇಕು. ಆದ್ದರಿಂದ ಇಲ್ಲಿ ಯಾವುದಕ್ಕೆ, ಯಾರ ಮೇಲೆ ತೆರಿಗೆ ಹಾಕಬಹುದು ಎಂಬುದನ್ನು ಸೂಕ್ಷ್ಮವಾಗಿ ನೋಡಬೇಕಾಗಿದೆ.

ತಕರಾರಿಲ್ಲದ ಅಂಶಗಳನ್ನು ಮೊದಲು ಮುಗಿಸೋಣ. ಪಂಚಾಯಿತಿಗೆ ತೆರಿಗೆಯ ಅಧಿಕಾರ ಕೊಡಲು ಸಂವಿಧಾನದ 243-ಎಚ್ ವಿಧಿ ರಾಜ್ಯಗಳಿಗೆ ಅವಕಾಶ ನೀಡಿದೆ. ರಾಜ್ಯಪಟ್ಟಿಯ 49ನೇ ನಮೂದು ಭೂಮಿ ಮತ್ತು ಕಟ್ಟಡಗಳ ತೆರಿಗೆಗೆ ಆಧಾರ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣ, ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನುಗಳ ಮೇಲೆ ತೆರಿಗೆ ಹಾಕಲು ಹೇಳುತ್ತದೆ. ನಿಗಮ ಸರ್ಕಾರಿ ಕಂಪನಿಯಾದ್ದರಿಂದ ಅದಕ್ಕೆ ತಾನಾಗಿಯೇ ವಿನಾಯಿತಿ ಇದೆ ಎಂಬ ವಾದವೂ ನಿಲ್ಲದು. ಕಂಪನಿಯ ಆಸ್ತಿ ಕೇಂದ್ರ ಸರ್ಕಾರದ ಆಸ್ತಿಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಹೇಳಿದೆ. ಮೆಗಾವಾಟಿಗೆ ಇಷ್ಟು ಎಂದು ತೆರಿಗೆ ಕಟ್ಟುವ ದಾರಿಯೂ ಮುಚ್ಚಿದೆ. ವಿದ್ಯುತ್ ಉತ್ಪಾದನೆಯ ಮೇಲೆ ರಾಜ್ಯಗಳು ತೆರಿಗೆ ಹಾಕಲಾಗದೆಂಬುದು 2004ರ ಮಧ್ಯಪ್ರದೇಶ ಸಿಮೆಂಟ್ ತಯಾರಕರ ಪ್ರಕರಣದಿಂದ ಸ್ಪಷ್ಟ. 2023ರಲ್ಲಿ ಕೇಂದ್ರ ಇಂಧನ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ಇದನ್ನೇ ನೆನಪಿಸಿತು.

ಇನ್ನು ತಕರಾರಿನ ಮಾತು. ಅಹಮದಾಬಾದ್ ಮಹಾನಗರ ಪಾಲಿಕೆ ಮತ್ತು ಜಿಟಿಎಲ್ ಇನ್‌ಫ್ರಾಸ್ಟ್ರಕ್ಚರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ, ಮೊಬೈಲ್ ಗೋಪುರವೂ 49ನೇ ನಮೂದಿನ ಅರ್ಥದಲ್ಲಿ ಕಟ್ಟಡವೇ ಎಂದು ತೀರ್ಪಿತ್ತಿತು. ಗೋಪುರ ಕಟ್ಟಡವಾದರೆ ಕಂಬದ ಮೇಲೆ ನಿಂತ ಸೌರಫಲಕವೂ ಕಟ್ಟಡವೇ ಎಂಬ ವಾದ ಇದರಿಂದ ಸುಲಭವಾಗಿ ಹುಟ್ಟುತ್ತದೆ. ನಾನು ಇದನ್ನು ಒಪ್ಪಲಾರೆ. ಆ ತೀರ್ಪು ರಾಜ್ಯದ ಶಾಸನಾಧಿಕಾರ ಎಲ್ಲಿಯವರೆಗೆ ಚಾಚಬಹುದೆಂದು ಹೇಳಿದೆ. ಅಧಿಕಾರವಿದ್ದ ಮಾತ್ರಕ್ಕೆ ರಾಜ್ಯ ಅದನ್ನು ಪಂಚಾಯಿತಿಗೆ ವಹಿಸಿಕೊಟ್ಟಂತಾಗುವುದಿಲ್ಲ. ಜೊತೆಗೆ, 1967ರ ನ್ಯೂ ಮಾಣೆಕ್ ಚೌಕ್ ಗಿರಣಿ ಪ್ರಕರಣದಲ್ಲಿ, ಕಟ್ಟಡದೊಳಗಿನ ಯಂತ್ರಗಳನ್ನು ಭೂಮಿ-ಕಟ್ಟಡವೆಂದು ಎಣಿಸಿ ತೆರಿಗೆ ಹಾಕುವುದನ್ನು ಇದೇ ನ್ಯಾಯಾಲಯ ತಳ್ಳಿಹಾಕಿತ್ತು. ಫಲಕ ಬೆಳಕನ್ನು ವಿದ್ಯುತ್ತಾಗಿಸುವ ಸಾಧನ. ಗೋಪುರಕ್ಕಿಂತ ಗಿರಣಿಯ ಯಂತ್ರಕ್ಕೇ ಅದು ಹತ್ತಿರ. 2024ರ ನವೆಂಬರಿನಲ್ಲಿ ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಅದೇ ಮೊಬೈಲ್ ಗೋಪುರವನ್ನು ಬೇರೊಂದು ತೆರಿಗೆಯ ಸಂದರ್ಭದಲ್ಲಿ ಚರವಸ್ತುವೆಂದು ಪರಿಗಣಿಸಲಾಯಿತು. ಆ ಕಾನೂನು ಬೇರೆ, ನಿಜ. ಆದರೂ ಒಂದು ತೀರ್ಪಿನ ಪದವನ್ನು ಎತ್ತಿ ಇನ್ನೊಂದು ಕಾನೂನಿಗೆ ಅಂಟಿಸುವವರು ಇದನ್ನು ಗಮನಿಸಲೇಬೇಕು.

ಫಲಕವನ್ನು ಬಿಟ್ಟರೆ ಪಂಚಾಯಿತಿಗೆ ಉಳಿಯುವುದೇನು? ನಿಯಂತ್ರಣ ಕೊಠಡಿ, ಕಾವಲುಗಾರರ ಮನೆ, ಉಪಕೇಂದ್ರದ ಕಟ್ಟಡಗಳು ಹೇಗೂ ಇವೆ. ಅವುಗಳಿಗಿಂತ ದೊಡ್ಡದು ನೆಲ. ಪ್ರಶ್ನೆಯ ಗಂಟು ಇರುವುದು 199ನೇ ಪ್ರಕರಣದ ‘ಕೃಷಿ ಕಂದಾಯಕ್ಕೆ ಒಳಪಡದ’ ಎಂಬ ಷರತ್ತಿನಲ್ಲಿ. ಪಹಣಿಯಲ್ಲಿ ರೈತನ ಹೆಸರು, ಖುಷ್ಕಿ ಎಂಬ ನಮೂದು, ಹಳೆಯ ಕಂದಾಯ ಇರುವವರೆಗೆ ಜಮೀನು ಕೃಷಿ ಕಂದಾಯಕ್ಕೇ ಒಳಪಟ್ಟಿದೆ ಎಂದು ಒಂದು ಪಕ್ಷ ಹೇಳಬಹುದು. ಆದರೆ 1964ರ ಭೂಕಂದಾಯ ಅಧಿನಿಯಮದ 83ನೇ ಪ್ರಕರಣ ಕಂದಾಯವನ್ನು ಜಮೀನಿನ ಬಳಕೆಗೆ ಕಟ್ಟಿಹಾಕಿದೆ. ಒಂದು ಉದ್ದೇಶಕ್ಕೆ ಕಂದಾಯ ನಿಗದಿಯಾದ ನೆಲವನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ಕಂದಾಯ ಬದಲಾಗಬೇಕು. ಪಹಣಿ ಈ ಬದಲಾವಣೆಯನ್ನು ದಾಖಲಿಸುತ್ತದೆ. ತಾನೇ ಅದನ್ನು ಉಂಟುಮಾಡುವುದಿಲ್ಲ. ಗುಮಾಸ್ತರ ಲೇಖನಿ ತಡವಾಯಿತೆಂದು ಲಕ್ಷಾಂತರ ಫಲಕಗಳ ಕೆಳಗಿನ ಹೊಲ ಬಿತ್ತನೆಯ ಹೊಲವಾಗಿ ಉಳಿಯದು.

ಇದಕ್ಕೆ ಇನ್ನೊಂದು ಆಧಾರವನ್ನು ಸೇರಿಸಬಹುದೆನಿಸುತ್ತದೆ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು 1961ರ ಭೂಸುಧಾರಣಾ ಅಧಿನಿಯಮದ 5ನೇ ಪ್ರಕರಣ ಸಾಮಾನ್ಯವಾಗಿ ನಿಷೇಧಿಸುತ್ತದೆ. ಹಾಗಿದ್ದ ಮೇಲೆ 28 ವರ್ಷದ ಗುತ್ತಿಗೆ ಊರ್ಜಿತವೆಂದು ಒಪ್ಪುವವರು, ನೆಲ ಕೃಷಿಯಿಂದ ಹೊರಬಂದಿದೆಯೆಂದೂ ಒಪ್ಪಬೇಕಾಗುತ್ತದೆ. ಗುತ್ತಿಗೆಗೆ ಒಂದು ಸ್ವರೂಪ, ತೆರಿಗೆಗೆ ಇನ್ನೊಂದು ಎನ್ನಲಾಗದು. ಈ ತರ್ಕವನ್ನು ಎಚ್ಚರದಿಂದಲೇ ಮುಂದಿಡುತ್ತಿದ್ದೇನೆ. ಸರ್ಕಾರ ಸೌರ ಯೋಜನೆಗೆಂದು ಕೊಟ್ಟ ವಿನಾಯಿತಿಯೇ ಗುತ್ತಿಗೆಗೆ ಆಧಾರವಾಗಿದ್ದರೆ, ಈ ಎರಡನೆಯ ಆಧಾರ ಸಡಿಲವಾಗುತ್ತದೆ. ಆಗಲೂ 83ನೇ ಪ್ರಕರಣದ ಮೇಲೆ ನಿಂತ ವಾದಕ್ಕೆ ಧಕ್ಕೆಯಿಲ್ಲ. ರೈತರ ಗುತ್ತಿಗೆಯನ್ನು ಪ್ರಶ್ನಿಸುವ ಉದ್ದೇಶವಂತೂ ಇಲ್ಲಿ ಕಿಂಚಿತ್ತೂ ಇಲ್ಲ.

ನೆಲಕ್ಕೆ ತೆರಿಗೆ ಬರುವುದಾದರೆ ಕಟ್ಟುವವರು ಯಾರು? ತೆರಿಗೆಗೆ ಕಾರಣವಾದ ಬಳಕೆ ಗುತ್ತಿಗೆದಾರನದು, ನೆಲ ಇರುವುದೂ ಅವನ ಸ್ವಾಧೀನದಲ್ಲಿ. ಹಾಗಾಗಿ ಬೇಡಿಕೆ ನೋಟಿಸು ಮೊದಲು ಹೋಗಬೇಕಾದದ್ದು ಸ್ವಾಧೀನದಾರನಿಗೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೂ ಮಿತಿಯಿದೆ. ತೆರಿಗೆ ಯಾರದೆಂದು ಮಾಲೀಕ, ಗುತ್ತಿಗೆದಾರ ಇಬ್ಬರು ತಮ್ಮೊಳಗೆ ಮಾಡಿಕೊಂಡ ಕರಾರು ಪಂಚಾಯಿತಿಯ ಕೈ ಕಟ್ಟದು. ನಿಯಮ ಮಾಲೀಕನನ್ನೇ ಹೊಣೆಯಾಗಿಸಿದರೆ ರೈತ ಮೊದಲು ಕಟ್ಟಿ, ಕರಾರಿನ ಬಲದಿಂದ ವಸೂಲಿ ಮಾಡಿಕೊಳ್ಳಬೇಕಾದೀತು. ನಾಲ್ಕೆಂಟು ಎಕರೆಯ ಒಡೆಯನಿಗೆ ಅದು ಸಣ್ಣ ಹೊರೆಯಲ್ಲ. ಅಂಥವರು ಸುಮ್ಮನಿರದೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಮೇಲ್ಮನವಿಯಲ್ಲಿ ವಿಸ್ತೀರ್ಣ, ಬಳಕೆ, ಸ್ವಾಧೀನಗಳ ಸಂಗತಿಗಳನ್ನು ದಾಖಲೆಗೆ ತರಬೇಕು. ಫಲಕ ಕಟ್ಟಡವೇ ಎಂಬ ಸಂವಿಧಾನದ ಪ್ರಶ್ನೆಯನ್ನು ಆ ಹಂತ ಬಗೆಹರಿಸಲಾರದು, ಅದು ಹೈಕೋರ್ಟಿನ ಕೆಲಸ. ಆದರೆ ಕೆಳಗೆ ದಾಖಲಾಗದ ಸಂಗತಿಯನ್ನು ರಿಟ್ ಅರ್ಜಿಯಲ್ಲಿ ಸಾಬೀತುಪಡಿಸುವುದು ಕಷ್ಟ.

ಎರಡು ವಿಷಯಗಳು ಬಾಕಿ ಉಳಿಯುತ್ತವೆ. ಹುದುಗಿಸಿದ ಕಂಬ, ಕಾಂಕ್ರೀಟ್ ಅಡಿಪಾಯಗಳನ್ನು ಫಲಕದಿಂದ ಬೇರ್ಪಡಿಸಿ ರಚನೆಯೆಂದು ಎಣಿಸಬಹುದೇ ಎಂಬುದು ಒಂದು. ಎಕರೆಗೆ ಏಕರೂಪದ ದರ ವಿಧಿಸಿದರೆ ಅದು 1960ರ ಮೂಪಿಲ್ ನಾಯರ್ ತೀರ್ಪಿನ ಸಮಾನತೆಯ ಪರೀಕ್ಷೆಯನ್ನು ದಾಟೀತೇ ಎಂಬುದು ಇನ್ನೊಂದು. ಇವು ಇತ್ಯರ್ಥವಾಗುವವರೆಗೆ ಪಂಚಾಯಿತಿಗಳು ನೆಲ ಮತ್ತು ನಿಜವಾದ ಕಟ್ಟಡಗಳಿಗೆ ಮಾತ್ರ ತೆರಿಗೆ ನಿಗದಿ ಮಾಡಲಿ. ಗುತ್ತಿಗೆ ಕರಾರನ್ನು ಗ್ರಾಮಸಭೆಯಲ್ಲಿ ಓದಿ ಹೇಳದೆ ಯಾವ ರೈತನ ಹೆಸರಿಗೂ ಬೇಡಿಕೆ ನೋಟಿಸು ಕಳಿಸದಿರಲಿ.