ಹುಲ್ಲು, ಟರ್ಫ್ ಮತ್ತು ಹಿಪ್ಪುನೇರಳೆಯ ಸ್ಟಿಕ್ಕು

ನಮ್ಮ ಅಂಬಾಜಿದುರ್ಗದ ಸುತ್ತಮುತ್ತ ಹಿಪ್ಪುನೇರಳೆ ಎಂದರೆ ರೇಷ್ಮೆ ಹುಳುವಿಗೆ ಹಾಕುವ ಸೊಪ್ಪು. ಅದೇ ಜಾತಿಯ ಮರದಿಂದ ಜಲಂಧರ್, ಸಿಯಾಲ್‌ಕೋಟ್‌ಗಳಲ್ಲಿ ಹಾಕಿ ಸ್ಟಿಕ್ ಮಾಡುತ್ತಿದ್ದರೆಂದು ನನಗೆ ತಿಳಿದದ್ದು ಸಂಶೋಧನೆಗೆ ಇಳಿದ ಮೇಲೆ. ಸುಲಭಕ್ಕೆ ಸೀಳದ ಈ ಮರವನ್ನು ಬಿಗಿಯಾಗಿ ಬಾಗಿಸಿ ಸ್ಟಿಕ್ಕಿನ ತುದಿಯನ್ನು ಗಿಡ್ಡ ಮಾಡಬಹುದಿತ್ತು. ಚೆಂಡನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ನುಗ್ಗುವ ನಮ್ಮ ಆಟ ಆ ಸ್ಟಿಕ್ಕಿಗೂ ಹುಲ್ಲಿನ ನೆಲಕ್ಕೂ ಒಗ್ಗಿಕೊಂಡೇ ಬೆಳೆಯಿತು.

1928ರಿಂದ 1956ರವರೆಗೆ ನಡೆದ ಆರು ಒಲಿಂಪಿಕ್ಸ್‌ಗಳಲ್ಲೂ ಚಿನ್ನ ನಮ್ಮದೇ. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಕೂಡ ಬಂತು. ಮರುವರ್ಷ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಸಲ ಕೃತಕ ಟರ್ಫ್ ಮೇಲೆ ನಡೆಯಿತು. ಅಜಿತ್‌ಪಾಲ್ ಸಿಂಗ್ ನಾಯಕತ್ವದ, ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದ ತಂಡ 7ನೇ ಸ್ಥಾನಕ್ಕಿಳಿಯಿತು. 1928ರಿಂದೀಚೆಗೆ ಪದಕವಿಲ್ಲದೆ ಮರಳಿದ್ದು ಅದೇ ಮೊದಲು.

ಹುಲ್ಲಿನ ಮೇಲೆ ಚೆಂಡು ನಿಧಾನವಾಗುತ್ತದೆ, ಪುಟಿಯುತ್ತದೆ. ಅದನ್ನು ಪಳಗಿಸುವ ಕೈಚಳಕಕ್ಕೆ ಬೆಲೆ. ಟರ್ಫಿನಲ್ಲಿ ಚೆಂಡು ನೇರವಾಗಿ, ರಭಸದಿಂದ ಬರುತ್ತದೆ. ಓಟಕ್ಕೂ ಉದ್ದನೆಯ ಪಾಸಿಗೂ ಬೆಲೆ. ಆದ್ದರಿಂದ 'ಟರ್ಫ್ ನಮ್ಮನ್ನು ಸೋಲಿಸಿತು' ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಆದರೆ ಸ್ಕೋರುಗಳು ಬೇರೆಯದನ್ನೂ ಹೇಳುತ್ತವೆ. ನಮ್ಮಂತೆಯೇ ಹುಲ್ಲಿನಲ್ಲಿ ಬೆಳೆದ ಪಾಕಿಸ್ತಾನ ಅಲ್ಲಿ ಕಂಚು ಗೆದ್ದಿತು. ಆಸ್ಟ್ರೇಲಿಯಾ ಎದುರು 1-6ರಿಂದ ಸೋತಿದ್ದ ಭಾರತ, ಕೆಲವೇ ದಿನಗಳಲ್ಲಿ ಅದೇ ತಂಡದೊಂದಿಗೆ 1-1 ಸಮ ಮಾಡಿಕೊಂಡು, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಮಾತ್ರ ಸೋತಿತು. ಟರ್ಫಿನ ಮೇಲೆಯೇ ನಡೆದ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ, ಹಲವು ಬಲಿಷ್ಠ ತಂಡಗಳ ಗೈರುಹಾಜರಿಯಲ್ಲಾದರೂ, ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ ಚಿನ್ನ ತಂದಿತು. ಹೊಸ ನೆಲ ಕಲಿಯಲಾಗದ್ದಲ್ಲ. ಕಲಿಯಲು ಅದು ಮೊದಲು ಕಾಲಡಿಗೆ ಸಿಗಬೇಕು.

ಅದು ಸಿಗುವುದು ಯಾರಿಗೆ ಎಂಬುದೇ ನನ್ನ ಪ್ರಶ್ನೆ. ನಮ್ಮ ಕಾಲೇಜು ತಂಡ ಮಣ್ಣಿನ ಮೈದಾನದಲ್ಲಿ ಅಭ್ಯಾಸ ಮಾಡಿ, ಟೂರ್ನಿಯ ದಿನವೇ ಟರ್ಫ್ ತುಳಿಯುತ್ತಿತ್ತು. ಚೆಂಡಿನ ವೇಗ ಕಣ್ಣಿಗೆ ಹತ್ತುವಷ್ಟರಲ್ಲಿ ಎದುರಾಳಿಗಳು ಎರಡು ಗೋಲು ಹೊಡೆದಿರುತ್ತಿದ್ದರು. ದ್ವಿತೀಯಾರ್ಧದಲ್ಲಿ ನಾವು ಸಮಸಮ ಆಡುತ್ತಿದ್ದೆವು; ಫಲಿತಾಂಶದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಟರ್ಫ್ ಹಾಸಲು ಕೋಟಿಗಟ್ಟಲೆ ಹಣ ಬೇಕು, ಆಟಕ್ಕೆ ಮುಂಚೆ ಅದಕ್ಕೆ ನೀರುಣಿಸಬೇಕು. ಸಾವಿರ ಅಡಿ ಕೊರೆದರೂ ನೀರು ಕಾಣದ ಬೋರ್‌ವೆಲ್‌ಗಳ ನಮ್ಮ ಸೀಮೆಯಲ್ಲಿ ಅದನ್ನು ಕೇಳುವುದಾದರೂ ಹೇಗೆ? ಮಾಂಟ್ರಿಯಲ್ ತಂಡಕ್ಕೆ ಎರಡನೇ ಪಂದ್ಯವಾದರೂ ಸಿಕ್ಕಿತ್ತು. ನಾಕೌಟ್ ಟೂರ್ನಿಗೆ ಬರುವ ಹಳ್ಳಿ ಹುಡುಗರಿಗೆ ಆ ಎರಡನೇ ಪಂದ್ಯ ಇರುವುದಿಲ್ಲ.