ರೌಟರಿನ ಬೂಟ್ ತಂತ್ರಾಂಶವೂ ದಾಖಲೆಗಳ ಸಂರಕ್ಷಣೆಯೂ
(ರಾಮನಗರ ಪ್ರದೇಶದ ಪಹಣಿಗಳನ್ನು ನಿಮಿತ್ತವಾಗಿಟ್ಟುಕೊಂಡು)

ಗ್ರಾಮಾಡಳಿತದ ಇತಿಹಾಸವನ್ನು ಬರೆಯಹೊರಟವರು ಶಾನುಭೋಗರ ಲೆಕ್ಕಪತ್ರಗಳನ್ನೂ ಕಡತಗಳನ್ನೂ, ಇತ್ತೀಚಿನ ಕಾಲಕ್ಕೆ ಬಂದರೆ ಕಂಪ್ಯೂಟರಿನಲ್ಲಿರುವ ಪಹಣಿಗಳನ್ನೂ ಆಕರಗಳೆಂದು ಒಪ್ಪುತ್ತಾರೆ. ಆದರೆ ಆ ಪಹಣಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸುವ ರೌಟರ್ ಎಂಬ ಯಂತ್ರವನ್ನಾಗಲಿ, ಆ ಯಂತ್ರವನ್ನು ಎಚ್ಚರಗೊಳಿಸುವ ಬೂಟ್ ತಂತ್ರಾಂಶವನ್ನಾಗಲಿ ಆಕರವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಈ ತಂತ್ರಾಂಶವನ್ನು ಮೆಮೊರಿ ಕಾರ್ಡಿಗೆ ತುಂಬುವ ಪದ್ಧತಿ ಹೇಗೆ ಬೆಳೆದುಬಂದಿತೆಂಬುದನ್ನು ಸಂಗ್ರಹವಾಗಿ ನಿರೂಪಿಸಿ, ಅದನ್ನು ದಾಖಲೆಯಾಗಿ ಕಾಪಾಡಬೇಕಾದ ಕಾರಣಗಳನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಡತದ ವಿಷಯ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು; ಒರಸದಿದ್ದರೆ ತಲೆಮಾರುಗಳ ಕಾಲ ಉಳಿಯುತ್ತಿತ್ತು. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಅಳಿಸಿ ಬರೆಯುವ ಸೌಕರ್ಯ, ಬರೆದುದು ನಿಲ್ಲುವ ಭದ್ರತೆ, ಇವೆರಡೂ ಒಂದೇ ವಸ್ತುವಿನಲ್ಲಿ ದೊರೆಯಬೇಕೆಂಬ ಅಪೇಕ್ಷೆ ಹಳೆಯದು. ರೌಟರಿನ ಮೆಮೊರಿ ಕಾರ್ಡು ಪೂರೈಸಹೊರಟದ್ದೂ ಇದೇ ಅಪೇಕ್ಷೆಯನ್ನು.

ರೌಟರು ವಾಸ್ತವವಾಗಿ ಒಂದು ಕಂಪ್ಯೂಟರು. ಬಂದ ಸಂದೇಶದ ವಿಳಾಸವನ್ನು ನೋಡಿ ಮುಂದಿನ ದಾರಿಗೆ ಕಳುಹಿಸುವುದು ಅದರ ಕೆಲಸ. ವಿದ್ಯುತ್ತು ಹೋದೊಡನೆ ಅದರ ಕೆಲಸದ ಸ್ಮೃತಿಯೆಲ್ಲ ಬರಿದಾಗುತ್ತದೆ. ವಿದ್ಯುತ್ತು ಮರಳಿದಾಗ ತಾನು ಯಾವ ಯಂತ್ರ, ಏನು ಮಾಡಬೇಕು ಎಂಬುದೂ ಅದಕ್ಕೆ ತಿಳಿಯದು. ಆದುದರಿಂದ ಮೂರು ಬಗೆಯ ಬರಹಗಳನ್ನು ಅದರೊಳಗೆ ಸ್ಥಿರವಾಗಿಟ್ಟಿರುತ್ತಾರೆ. ತಯಾರಿಕೆಯಲ್ಲಿಯೇ ಚಿಪ್ಪಿನಲ್ಲಿ ಅಚ್ಚೊತ್ತಿದ ಚಿಕ್ಕ ಆರಂಭಕ ಕ್ರಮವಿಧಿ ಒಂದು. ಆ ಕ್ರಮವಿಧಿ ಹುಡುಕಿ ತಂದು ನಡೆಸುವ ದೊಡ್ಡ ತಂತ್ರಾಂಶ ಎರಡನೆಯದು. ಆ ಸ್ಥಳದ ವಿಳಾಸ, ಹೆಸರು, ಅನುಮತಿಗಳನ್ನು ಹೇಳುವ ಸಂರಚನೆ ಮೂರನೆಯದು. ಮೆಮೊರಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಎರಡನೆಯದು.

ಈ ಸಮಸ್ಯೆ ಮೊದಲಿನಿಂದಲೂ ಇದ್ದುದಲ್ಲ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲು ತಯಾರಿಸಿದ ಸ್ಟ್ರೌಜರ್ ಮಾದರಿಯ ವಿನಿಮಯ ಕೇಂದ್ರಗಳಲ್ಲಿ ಕರೆಯ ದಾರಿಯನ್ನು ತಂತಿಗಳೂ ಚಲಿಸುವ ಲೋಹದ ಕೈಗಳೂ ನಿರ್ಧರಿಸುತ್ತಿದ್ದವು. ಅಲ್ಲಿ ಯಂತ್ರದ ರಚನೆಯೇ ಅದರ ಆಜ್ಞೆ, ತುಂಬಬೇಕಾದ ತಂತ್ರಾಂಶವೆಂಬುದಿರಲಿಲ್ಲ. ೧೯೬೯ರಲ್ಲಿ ಅಮೆರಿಕೆಯ ಆರ್ಪಾನೆಟ್ ಜಾಲಕ್ಕಾಗಿ ಬಿಬಿಎನ್ ಸಂಸ್ಥೆ ಹನಿವೆಲ್ ೫೧೬ ಕಂಪ್ಯೂಟರನ್ನು ಆಧರಿಸಿ ಐಎಂಪಿ ಎಂಬ ಯಂತ್ರವನ್ನು ಸಿದ್ಧಪಡಿಸಿತು. ಇಂದಿನ ರೌಟರಿನ ಪೂರ್ವಜ ಇದೇ. ಇದಕ್ಕೆ ಕಾಗದದ ರಂಧ್ರಪಟ್ಟಿಯಿಂದ ತಂತ್ರಾಂಶವನ್ನು ಉಣಿಸುತ್ತಿದ್ದರು. ಅದರ ಸ್ಮೃತಿ ಕಾಂತೀಯ ಉಂಗುರಗಳಿಂದಾದುದು; ವಿದ್ಯುತ್ತು ಹೋದರೂ ಬರಹ ಅಳಿಯುತ್ತಿರಲಿಲ್ಲ. ಒಂದು ವೇಳೆ ತಂತ್ರಾಂಶ ಕೆಟ್ಟರೆ ನೆರೆಯ ಯಂತ್ರದಿಂದ ಪ್ರತಿಯನ್ನು ತರಿಸಿಕೊಳ್ಳುವ ಏರ್ಪಾಡೂ ಇತ್ತು. ಉಂಗುರಗಳ ಸ್ಥಾನಕ್ಕೆ ಅಗ್ಗವೂ ಶೀಘ್ರವೂ ಆದ ಅರೆವಾಹಕ ಸ್ಮೃತಿ ಬಂದ ಮೇಲೆ, ವಿದ್ಯುತ್ತಿನೊಡನೆ ಬರಹವೂ ಹೋಗತೊಡಗಿ, ಆರಂಭದ ತಂತ್ರಾಂಶವನ್ನು ಎಲ್ಲಿಡಬೇಕೆಂಬ ಪ್ರಶ್ನೆ ತೀವ್ರವಾಯಿತು.

ಕರ್ನಾಟಕದ ಗ್ರಾಮಗಳಿಗೆ ಈ ಪ್ರಶ್ನೆ ಬಂದುದು ದೂರವಾಣಿಯ ಮೂಲಕ. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ರೂಪಿಸಿದ ೧೨೮ ಸಂಪರ್ಕಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು ೧೯೮೬ರ ಜುಲೈ ತಿಂಗಳಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿಯೂ ಅದು ನಡೆಯಬೇಕಾಗಿತ್ತು. ಈ ಪೀಳಿಗೆಯ ಯಂತ್ರಗಳ ತಂತ್ರಾಂಶ ಇಪ್ರಾಮ್ ಎಂಬ ಚಿಪ್ಪುಗಳಲ್ಲಿರುತ್ತಿತ್ತು. ಈ ಚಿಪ್ಪಿನ ಬರಹವನ್ನು ಅಳಿಸಲು ಅದನ್ನು ಯಂತ್ರದಿಂದ ಕಿತ್ತು ಅತಿನೇರಿಳೆ ಬೆಳಕಿನಡಿ ಇಡಬೇಕು. ಬರೆಯಲು ಬೇರೆ ಉಪಕರಣ ಬೇಕು. ಎಂದರೆ ತಿದ್ದುವ ಅಧಿಕಾರ ಉಪಕರಣವಿದ್ದ ಪಟ್ಟಣದಲ್ಲಿಯೇ ಉಳಿಯಿತು.

ಈ ತೊಡಕನ್ನು ನಿವಾರಿಸಿದುದು ಫ್ಲಾಶ್ ಸ್ಮೃತಿ. ತೋಷಿಬಾ ಕಂಪನಿಯ ಫುಜಿಯೊ ಮಸುವೊಕ ಇದನ್ನು ೧೯೮೪ರಲ್ಲಿ ವಿದ್ವತ್ಸಭೆಯ ಮುಂದಿಟ್ಟರು. ಯಂತ್ರದಲ್ಲಿದ್ದಂತೆಯೇ ಅಳಿಸಿ ಬರೆಯಬಹುದಾದ ಈ ಸ್ಮೃತಿ ಮುಂದೆ ಕಾರ್ಡಿನ ರೂಪ ತಾಳಿತು. ೧೯೯೪ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನು ಹೊರತಂದಿತು. ಅದೇ ೧೯೮೪ರಲ್ಲಿ, ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ಜಾಲದ ಮೂಲಕವೇ ಆರಂಭದ ತಂತ್ರಾಂಶವನ್ನು ತರಿಸಿಕೊಳ್ಳುವ ಕ್ರಮವೂ ಲಿಖಿತ ನಿಯಮವಾಯಿತು.

ಕಾರ್ಡಿಗೆ ತಂತ್ರಾಂಶ ತುಂಬಲು ಮುಖ್ಯವಾಗಿ ಮೂರು ದಾರಿಗಳು ಬಳಕೆಗೆ ಬಂದವು. ಕಾರ್ಡನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ಬರೆಯುವುದು ಮೊದಲನೆಯದು. ಹಳೆಯ ಕೆಲವು ಕಾರ್ಡುಗಳ ವಿನ್ಯಾಸ ಆ ರೌಟರಿಗೆ ಮಾತ್ರ ತಿಳಿಯುವಂಥದಾದುದರಿಂದ ಇದು ಎಲ್ಲೆಡೆ ಸಾಧ್ಯವಿಲ್ಲ. ಟಿಎಫ್‌ಟಿಪಿಯಿಂದ ಜಾಲದ ಮೂಲಕ ತರುವುದು ಎರಡನೆಯದು. ಇದು ಕಡತವನ್ನು ೫೧೨ ಬೈಟುಗಳ ತುಂಡುಗಳಾಗಿ ಕಳುಹಿಸುತ್ತದೆ. ತುಂಡಿನ ಕ್ರಮಾಂಕ ೬೫,೫೩೫ನ್ನು ಮೀರುವಂತಿರಲಿಲ್ಲವಾಗಿ, ಸುಮಾರು ೩೨ ಮೆಗಾಬೈಟಿಗಿಂತ ದೊಡ್ಡ ತಂತ್ರಾಂಶಗಳು ಬಂದಾಗ ಮೂಲನಿಯಮವನ್ನು ವಿಸ್ತರಿಸಬೇಕಾಯಿತು. ಬೇರೇನೂ ಸಾಗದಿದ್ದಾಗ ಯಂತ್ರದ ಕನ್ಸೋಲ್ ತಂತಿಯ ಮೂಲಕ ತುಂಬುವುದು ಮೂರನೆಯದು. ಸೆಕೆಂಡಿಗೆ ೯,೬೦೦ ಬಿಟ್‌ಗಳ ವೇಗದಲ್ಲಿ ೧೬ ಮೆಗಾಬೈಟಿನ ತಂತ್ರಾಂಶಕ್ಕೆ ಹತ್ತಿರ ಹತ್ತಿರ ಐದು ಗಂಟೆ ಹಿಡಿಯುತ್ತದೆ. ಯಾವ ದಾರಿಯಿಂದ ಬಂದರೂ, ಪ್ರತಿ ಮೂಲಕ್ಕೆ ಸರಿಯಾಗಿದೆಯೇ ಎಂಬುದನ್ನು ಪರಿಶೀಲನಾಂಕದಿಂದ ತಾಳೆನೋಡಿಯೇ ಯಂತ್ರವನ್ನು ಮರಳಿ ಚಾಲೂ ಮಾಡುವುದು ಸರಿಯಾದ ಕ್ರಮ. ಹಸ್ತಪ್ರತಿಗಳ ಪಾಠಶೋಧನೆಯನ್ನು ಬಲ್ಲವರಿಗೆ ಈ ಎಚ್ಚರಿಕೆ ಅಪರಿಚಿತವಾಗಲಾರದು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಕಡೆಗೆ ಬರೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಹಳೆಯ ಮೈಸೂರಿನ ಇತರ ಕಡೆಗಳಂತೆಯೇ ಜಮೀನಿನ ಲೆಕ್ಕ ಶಾನುಭೋಗರ ವಶದಲ್ಲಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ೧೯೬೧ರ ಅಧಿನಿಯಮ ರದ್ದುಪಡಿಸಿತು. ೧೯೬೩ರಿಂದ ಅದು ಜಾರಿಗೆ ಬಂದು, ಲೆಕ್ಕ ಸರ್ಕಾರಿ ಗ್ರಾಮಲೆಕ್ಕಿಗರ ಕೈಸೇರಿತು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ರಾಜ್ಯದ ೧೭೭ ತಾಲ್ಲೂಕುಗಳಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ೧೫ ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಪ್ರತಿ ಪಡೆಯುವಂತಾಯಿತು. ಕೈಬರಹದ ಪಹಣಿ ಆ ಬಳಿಕ ಮಾನ್ಯವಾಗಲಿಲ್ಲ. ೨೦೧೧ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮಪಂಚಾಯಿತಿಗಳ ಕಡೆಗೆ ಗಾಜಿನ ತಂತಿಯನ್ನು ಎಳೆಯಿತು. ಕಿತ್ತೂರಿನ ವಿನಿಮಯ ಕೇಂದ್ರವನ್ನು ರೂಪಿಸಿದ ಸಿ-ಡಾಟ್ ಸಂಸ್ಥೆಯ ತಂತ್ರಜ್ಞಾನವೇ ಅಲ್ಲಿಯೂ ಬಳಕೆಯಾಯಿತು. ಈ ಬಗೆಯ ಜಾಲದಲ್ಲಿ ತುದಿಯ ಯಂತ್ರ ತಂತ್ರಾಂಶದ ಎರಡು ಪ್ರತಿಗಳನ್ನು ಇಟ್ಟುಕೊಳ್ಳಬಲ್ಲುದು. ಹೊಸದು ತಂತಿಯ ಮೂಲಕವೇ ಬರುತ್ತದೆ, ಅದು ಕೈಕೊಟ್ಟರೆ ಹಳೆಯದಕ್ಕೆ ಮರಳಲು ಅವಕಾಶವಿರುತ್ತದೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶಾನುಭೋಗರ ಕಾಲದಲ್ಲಿ ಲೆಕ್ಕವೂ ಅದನ್ನು ಓದಬಲ್ಲವನೂ ಒಂದೇ ಊರಿನಲ್ಲಿದ್ದರು. ಇಂದು ಬೆಳೆಸಾಲಕ್ಕಾಗಿ ಪಹಣಿ ಬೇಡುವ ಕನಕಪುರದ ರೈತನಿಗೂ ಅವನ ಪಹಣಿಗೂ ನಡುವೆ ಅನೇಕ ಯಂತ್ರಗಳಿವೆ. ದಾರಿಯಲ್ಲಿರುವ ಒಂದು ರೌಟರು ಕಾರ್ಡಿನಲ್ಲಿ ತಂತ್ರಾಂಶ ಕಾಣದೆ ನಿಂತರೆ, ಬೇರೆ ದಾರಿ ಇಲ್ಲದಿದ್ದಲ್ಲಿ, ಪಹಣಿ ಸುರಕ್ಷಿತವಾಗಿದ್ದೂ ರೈತನ ಪಾಲಿಗೆ ಇಲ್ಲವಾಗುತ್ತದೆ.

ಸಂರಚನೆಯ ಮಾತು ಬೇರೆ. ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿದ್ದ ಊರು ರಾಮನಗರವಾಯಿತು. ೨೦೦೭ರ ಆಗಸ್ಟಿನಲ್ಲಿ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾದವು. ೨೦೨೫ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣವೆಂದು ಹೆಸರಿಸಿತು. ಇಂಥ ಬದಲಾವಣೆಗಳ ಗುರುತು ರೌಟರಿನಲ್ಲಿ ಬೀಳುವುದಾದರೆ ಸಂರಚನೆಯಲ್ಲಿ ಬೀಳಬೇಕೇ ಹೊರತು ಬೂಟ್ ತಂತ್ರಾಂಶದಲ್ಲಿ ಅಲ್ಲ. ಆದರೆ ತಂತ್ರಾಂಶವಿಲ್ಲದೆ ಸಂರಚನೆಯ ಪೂರ್ಣ ಅರ್ಥ ತಿಳಿಯದು. ಮೋಡಿ ಲಿಪಿಯ ದಾಖಲೆಗಳು ಪತ್ರಾಗಾರಗಳಲ್ಲಿ ರಾಶಿಯಾಗಿದ್ದೂ ಓದುವವರು ವಿರಳರಾದುದರಿಂದ ಉಪಯೋಗಕ್ಕೆ ಬಾರದಿರುವುದನ್ನು ನಾವು ಬಲ್ಲೆವು.

೧೯೯೩ರ ಸಾರ್ವಜನಿಕ ದಾಖಲೆಗಳ ಕೇಂದ್ರ ಅಧಿನಿಯಮ ಕಂಪ್ಯೂಟರಿನಿಂದ ಉತ್ಪನ್ನವಾದ ಸಾಮಗ್ರಿಯನ್ನೂ ದಾಖಲೆಯೆಂದು ಹೇಳುತ್ತದೆ. ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಈ ಮಾತಿನೊಳಗೆ ಬರುತ್ತದೆಂದು ನಿಸ್ಸಂದೇಹವಾಗಿ ಹೇಳುವಂತಿಲ್ಲ. ಹಳೆಯ ರೌಟರುಗಳು ವಿದ್ಯುನ್ಮಾನ ತ್ಯಾಜ್ಯವಾಗಿ ಹೋಗುವಾಗ ಕಾರ್ಡುಗಳೂ ಅವುಗಳೊಡನೆ ಹೋಗುತ್ತವೆ. ಕಾರ್ಡನ್ನು ಉಗ್ರಾಣದಲ್ಲಿಟ್ಟ ಮಾತ್ರಕ್ಕೂ ಕೆಲಸ ಮುಗಿಯದು. ಫ್ಲಾಶ್ ಸ್ಮೃತಿಯ ವಿದ್ಯುದಂಶ ಮೆಲ್ಲನೆ ಸೋರುವುದರಿಂದ ತಯಾರಕರು ಸಾಮಾನ್ಯವಾಗಿ ಭರವಸೆ ಕೊಡುವುದು ೧೦ರಿಂದ ೨೦ ವರ್ಷಗಳಿಗೆ. ಈ ದೃಷ್ಟಿಯಿಂದ ಬಟ್ಟೆಯ ಕಡತವೇ ಹೆಚ್ಚು ಬಾಳಿಕೆಯದು.

ಆದುದರಿಂದ, ಸರ್ಕಾರಿ ಜಾಲದ ಯಾವುದೇ ರೌಟರನ್ನು ಕೆಲಸದಿಂದ ಬಿಡಿಸುವ ಮುನ್ನ ಅದರ ಬೂಟ್ ತಂತ್ರಾಂಶದ ಪ್ರತಿ, ಪರಿಶೀಲನಾಂಕ, ಗುಪ್ತಪದಗಳನ್ನು ತೆಗೆದ ಸಂರಚನೆ, ಯಂತ್ರದ ಮಾದರಿಯನ್ನೂ ಕಾರ್ಡಿನ ವಿನ್ಯಾಸವನ್ನೂ ತಿಳಿಸುವ ಟಿಪ್ಪಣಿ, ಇವು ನಾಲ್ಕನ್ನೂ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು ಉಚಿತವೆಂದು ನಮ್ಮ ಅಭಿಪ್ರಾಯ. ತಂತ್ರಾಂಶದ ಹಕ್ಕು ಕಂಪನಿಗಳದಾಗಿರುವುದರಿಂದ, ಇದಕ್ಕೆ ಬೇಕಾದ ಅನುಮತಿಯನ್ನು ಖರೀದಿಯ ಕರಾರಿನಲ್ಲಿಯೇ ಸೇರಿಸಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಈಗ ಇಷ್ಟನ್ನು ಮಾಡಿದರೆ, ಮುಂದೆ ಈ ಕಾಲದ ಗ್ರಾಮಾಡಳಿತವನ್ನು ಕುರಿತು ಬರೆಯುವವರಿಗೆ ಪಹಣಿಯೊಡನೆ ಅದು ಸಂಚರಿಸಿದ ದಾರಿಯೂ ಪರಿಶೀಲನೆಗೆ ದೊರೆಯುತ್ತದೆ.