ಸದಾರಮೆಯ ಕಳ್ಳ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದಾಗ ಹಾಡುಗಳ ಪೆಟ್ಟಿಗೆಯೊಂದನ್ನು ಕೈಗಿತ್ತು ಹೋದ. ವೇಲನ್ ಜೆನ್ನಿಂಗ್ಸ್ ಎಂಬ ಟೆಕ್ಸಾಸಿನ ಗಾಯಕನ ಇಡೀ ವೃತ್ತಿಜೀವನದಿಂದ ಆಯ್ದ ಹಾಡುಗಳು, ನಾಲ್ಕು ಸಿ.ಡಿ.ಗಳಲ್ಲಿ. ಹೆಸರು 'ನ್ಯಾಶ್‌ವಿಲ್ ರೆಬೆಲ್'. ಆತ ತೀರಿಕೊಂಡ ನಾಲ್ಕು ವರ್ಷಗಳ ನಂತರ, 2006ರಲ್ಲಿ ಹೊರಬಂದದ್ದು.

ಆ ಸಂಗೀತದ ಮರ್ಮ ನನಗೆ ಪೂರ್ತಿ ತಿಳಿಯಿತೆಂದು ಹೇಳಲಾರೆ. ಆದರೆ ಕಥೆ ಹಿಡಿಸಿತು. ಹಾಡನ್ನು ಹೇಗೆ ಹಾಡಬೇಕು, ಹಿಂದೆ ಯಾರು ನುಡಿಸಬೇಕು ಎಂಬುದನ್ನೆಲ್ಲ ಕಂಪನಿಯ ಯಜಮಾನರೇ ನಿರ್ಧರಿಸುತ್ತಿದ್ದ ಕಾಲದಲ್ಲಿ, ಅದನ್ನು ತಾನೇ ನಿರ್ಧರಿಸುವೆನೆಂದು ಹಟ ಹಿಡಿದು ಗೆದ್ದವನು ಆತ. 1976ರಲ್ಲಿ ಅವನೂ ಗೆಳೆಯರೂ ಸೇರಿದ್ದ ತಟ್ಟೆಯೊಂದರ ಹೊದಿಕೆಯನ್ನು, ಪೊಲೀಸರು ಕಳ್ಳರನ್ನು ಹುಡುಕಲು ಅಂಟಿಸುವ ಹಳೆಯ ಪ್ರಕಟಣೆಯಂತೆ ಅಚ್ಚು ಹಾಕಿದ್ದರಂತೆ! ಅಲ್ಲಿನ ಹಳ್ಳಿಗಾಡಿನ ಸಂಗೀತದಲ್ಲಿ ಹತ್ತು ಲಕ್ಷ ಪ್ರತಿಗಳ ಮನ್ನಣೆ ಪಡೆದ ಮೊದಲ ತಟ್ಟೆ ಅದೇ. ಜನರಿಗೆ ಕಳ್ಳನೆಂದರೆ ಎಲ್ಲ ದೇಶಗಳಲ್ಲಿಯೂ ಪ್ರೀತಿಯೇ ಎಂದು ನಗು ಬಂತು. ಆಗ ನೆನಪಾದದ್ದು ನಮ್ಮ ಜಿಲ್ಲೆಯ ಕಳ್ಳ.

'ಸದಾರಮೆ' ನಾಟಕವನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ನಮ್ಮ ತುಮಕೂರು ತಾಲ್ಲೂಕಿನದೇ. 1934ರಲ್ಲಿ ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಮಾತುಗಳೂ ಅವರ ಲೇಖನಿಯವೇ. 'ಸದಾರಮೆ'ಯಲ್ಲಿ ನಾಯಕಿಯನ್ನು ಅಪಹರಿಸುವ ಕಳ್ಳನೊಬ್ಬ ಬರುತ್ತಾನೆ. ಜಾಣೆಯಾದ ಸದಾರಮೆ ಅವನನ್ನೇ ಏಮಾರಿಸಿ ಪಾರಾಗುತ್ತಾಳೆ. ಕಥೆಯ ಲೆಕ್ಕದಲ್ಲಿ ಅವನು ದುಷ್ಟ. ಆದರೆ ಆ ಪಾತ್ರಕ್ಕೆ ಗುಬ್ಬಿ ವೀರಣ್ಣನವರು ಇಳಿದರೆಂದರೆ ಕಥಾನಾಯಕನಾದ ರಾಜಕುಮಾರನನ್ನು ಕೇಳುವವರೇ ಇರುತ್ತಿರಲಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದುದು ಕಳ್ಳನನ್ನು ನೋಡಲು, ಅವನ ಮಾತು ಹಾಡುಗಳನ್ನು ಕೇಳಲು.

ಗುಬ್ಬಿಯ ನಾಟಕಾಸಕ್ತರು ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಆ ಕಂಪನಿಯನ್ನು ಕಟ್ಟಿದ್ದು 1884ರಲ್ಲಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಯಜಮಾನರೇ ಆದರು. ನಾಟಕದವರೆಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಕಾಲವದು. ಮನೆಯ ಮಗ ಕಂಪನಿ ಸೇರಿದನೆಂದರೆ ಓಡಿಹೋದನೆಂದೇ ಅರ್ಥ. ಅಂಥ ಕಾಲದಲ್ಲಿ, ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ರಂಗಕ್ಕೆ ಅವರು ಸ್ತ್ರೀಯರನ್ನು ಕರೆತಂದರು. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದರು. ಬಂಡಾಯವೆಂಬ ಮಾತನ್ನು ಅವರ ಬಗ್ಗೆ ಯಾರೂ ಬಳಸಿದಂತಿಲ್ಲ; ನನಗಂತೂ ಬಳಸಬೇಕೆನಿಸುತ್ತದೆ. ಬಿ. ಜಯಮ್ಮನವರಂಥ ಗಾಯಕಿ ನಟಿಯರು ಆ ರಂಗದ ಮೇಲೆಯೇ ಬೆಳೆದರು.

ಆದರೆ ನಾಲ್ಕು ತಟ್ಟೆಗಳ ಪೆಟ್ಟಿಗೆಯಂಥದೊಂದು ವೀರಣ್ಣನವರ ಕಳ್ಳನಿಗೆ ಒದಗುವಂತಿರಲಿಲ್ಲ. ಅಂದಿನ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಹಾಡು. ಕಂಪನಿ ನಾಟಕವೋ ರಾತ್ರಿಯೆಲ್ಲ ನಡೆಯುವಂಥದು. 'ಒನ್ಸ್ ಮೋರ್' ಎಂದು ಜನ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕಿತ್ತು! ಹಾಸ್ಯಪಾತ್ರವಂತೂ ಆ ಊರಿನ ಸುದ್ದಿಯನ್ನು ಆ ರಾತ್ರಿಯೇ ಮಾತಿಗೆ ಸೇರಿಸಿಕೊಳ್ಳುವಂಥದು. ಗುಬ್ಬಿಯಲ್ಲಿ ಆಡಿದ ಮಾತು ಕುಣಿಗಲಿನಲ್ಲಿ ನಡೆಯದು. ಅದನ್ನು ಮೂರು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದಾದರೂ ಏನು? ಕುಣಿಗಲ್ ಕೆರೆಯನ್ನು ಹೊಗಳುವ ಜನಪದ ಗೀತೆಗೆ ಈ ತೊಂದರೆಯಿಲ್ಲ. ಕಟ್ಟಿದವರ ಹೆಸರೇ ಇಲ್ಲದಿದ್ದರೂ ಅದು ಬಾಯಿಂದ ಬಾಯಿಗೆ ದಾಟಿ ಉಳಿದಿದೆ. ಕಳ್ಳನ ಪಾತ್ರಕ್ಕಾದರೋ ಆ ಒಬ್ಬ ಮನುಷ್ಯನ ಮುಖವೇ ಬೇಕಿತ್ತು.

ಅವರಿಗೆ ಗೌರವಗಳಿಗೇನೂ ಕೊರತೆಯಾಗಲಿಲ್ಲ. ಮೈಸೂರು ಮಹಾರಾಜರಿಂದ 'ವರ್ಸಟೈಲ್ ಕಮೆಡಿಯನ್' ಎಂಬ ಬಿರುದು, 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ತೀರಿಕೊಂಡ ವರ್ಷವಾದ 1972ರಲ್ಲಿ ಪದ್ಮಶ್ರೀ. ತುಮಕೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಮೊಮ್ಮಗಳು ಬಿ. ಜಯಶ್ರೀಯವರ ಕಂಠದಲ್ಲಿ ರಂಗಗೀತೆಗಳನ್ನು ಕೇಳಿದವರಿಗೆ ಆ ಮನೆತನದ ಗತ್ತು ಏನೆಂಬುದು ಸ್ವಲ್ಪ ತಿಳಿದೀತು.

ಇಡೀ ವೃತ್ತಿಜೀವನದ ಸಂಗ್ರಹವೆಂದು ವೀರಣ್ಣನವರು ನಮಗೆ ಬಿಟ್ಟುಹೋದದ್ದು ತಮ್ಮ ಆತ್ಮಕಥೆಯನ್ನು, 'ಕಲೆಯೇ ಕಾಯಕ'ವನ್ನು. ಓಡಿಹೋದವರ ಕಸುಬೆಂದು ಜನ ಕರೆದದ್ದಕ್ಕೆ ಅವರು ಬಸವಣ್ಣನವರ ಮಾತನ್ನೇ ಇಟ್ಟರು. ಪುಸ್ತಕವನ್ನು ಓದುವಾಗಲೆಲ್ಲ ನನಗೆ ಸಂತೋಷದೊಡನೆ ಒಂದು ಕೊರಗೂ ಇರುತ್ತದೆ. ಯಜಮಾನರು ಅಲ್ಲಿದ್ದಾರೆ, ಕಳ್ಳನ ದನಿ ಮಾತ್ರ ಕೇಳಿಸುವುದಿಲ್ಲ.

ಆ ವಿದ್ಯಾರ್ಥಿ ಮೊನ್ನೆ ಫೋನು ಮಾಡಿ, "ಸಾರ್, ಪೆಟ್ಟಿಗೆ ಹೇಗಿತ್ತು?" ಎಂದು ಕೇಳಿದ. ಮೂರನೆಯ ತಟ್ಟೆಯವರೆಗೆ ಬಂದಿದ್ದೇನೆ ಎಂದೆ. ಅವನಿಗೆ ಕಳುಹಿಸಲು 'ಕಲೆಯೇ ಕಾಯಕ'ದ ಪ್ರತಿಯೊಂದನ್ನು ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಎರಡು ಪ್ರತಿಗಳಿದ್ದರೆ ತಿಳಿಸಿ.